ಒಗೆಯೋ ಕಲ್ಲಿನ ಅರ್ಜಿ: ಮಂಡ್ಯ ಸೀಮೆಯ ಒಂದು ನಾಲೆ ಲೈನಿಂಗಿನ ಪ್ರಕರಣ

ಒಗೆಯೋ ಕಲ್ಲು ಇದ್ದ ಜಾಗದಲ್ಲೇ ಇರಲಿ ಎಂದು ಊರಿನವರು ಕೊಟ್ಟ ಅರ್ಜಿಯ ಅಂಚಿನಲ್ಲಿ ‘ಸೌಕರ್ಯದ ಬೇಡಿಕೆ. ಅನುದಾನದ ಲಭ್ಯತೆ ನೋಡಿ ಮುಂದೆ ಪರಿಶೀಲಿಸಬಹುದು’ ಎಂದು ಷರಾ ಬರೆದವನು ನಾನೇ. ಎರಡು ವರ್ಷ ಕಳೆದ ಮೇಲೆ ಅದೇ ಹಾಳೆಯನ್ನು ಕಡತದಿಂದ ತೆಗೆದು ಓದಿದಾಗ ಕಿವಿ ಬಿಸಿಯಾಯಿತು. ನಾನಾಗ ಕಾಮಗಾರಿಯ ಸಹಾಯಕ ಎಂಜಿನಿಯರ್. ಊರು, ನಾಲೆಯ ನಂಬರು, ವರ್ಷ ಇವನ್ನು ಹೇಳುವುದಿಲ್ಲ. ಮನುಷ್ಯರ ಗುರುತು ಸಿಗದಂತೆ ಕೆಲವು ವಿವರ, ಅಳತೆಗಳನ್ನು ಸರಿಸಿದ್ದೇನೆ.

ಹಿನ್ನೆಲೆ

ವಿಶ್ವೇಶ್ವರಯ್ಯ ನಾಲೆ ಗೊತ್ತಿಲ್ಲದ ಮಂಡ್ಯದವರಿಲ್ಲ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆ ಎಂಬ ಹೆಸರಿನಲ್ಲಿ ಹೊರಟು, ಹುಲಿಕೆರೆಯ ಹತ್ತಿರ ಎರಡೂವರೆ ಕಿಲೋಮೀಟರಿಗೂ ಮಿಕ್ಕ ಸುರಂಗದಲ್ಲಿ ನುಸುಳಿ, ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹರಿದ ಈ ನೀರೇ ರಾಗಿ, ಹುರುಳಿಯ ಸೀಮೆಯನ್ನು ಭತ್ತ, ಕಬ್ಬಿನ ಸೀಮೆ ಮಾಡಿದ್ದು. 1933ರ ಸಕ್ಕರೆ ಕಾರ್ಖಾನೆಯೂ 1939ರಲ್ಲಿ ಹುಟ್ಟಿದ ಜಿಲ್ಲೆಯೂ ಈ ನೀರಿನ ಬೆನ್ನಿಗೇ ಬಂದವು. ಕಟ್ಟೆಯನ್ನು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದರು. ಅದರಿಂದ ಊರೂರಿಗೆ ಒಡೆದ ಕವಲುಗಳು ಮಾತ್ರ ಬಹುಕಾಲ ಬರೀ ಮಣ್ಣಿನವಾಗಿದ್ದವು. ಮಣ್ಣಿನ ನಾಲೆ ತಾನೂ ಕುಡಿಯುತ್ತದೆ. ಮೇಲಿನವರು ಎರಡನೇ ಸಲ ನೀರು ಕಟ್ಟುವಾಗ ಕೊನೇ ಭಾಗದವರು ನಾಟಿಗೇ ನೀರಿಲ್ಲದೆ ಮುಖ್ಯರಸ್ತೆಗೆ ಬಂದು ಕೂರುತ್ತಾರೆ.

ನಮ್ಮ ಕಾಮಗಾರಿ ಅಂಥ ಒಂದು ವಿತರಣಾ ನಾಲೆಯದು. ಒಂಬತ್ತು ಕಿ.ಮೀ. ಉದ್ದಕ್ಕೂ ಕಾಂಕ್ರೀಟ್ ಲೈನಿಂಗ್ (ನಾಲೆಯ ಒಳಮೈಗೆ ಕಾಂಕ್ರೀಟ್ ಹೊದಿಕೆ), ಹಳೇ ತೂಬುಗಳ ದುರಸ್ತಿ, ಏರಿಯ ಮೇಲೆ ರಸ್ತೆ. ನಾಲೆ ಇಳಿಜಾರಿನ ಸೊಂಟ ಸುತ್ತಿಕೊಂಡು ಹೋಗುತ್ತದೆ: ಒಂದು ಮಗ್ಗುಲು ಗುಡ್ಡ ಕಡಿದದ್ದು, ಇನ್ನೊಂದು ಮಗ್ಗುಲು ಮಣ್ಣು ತುಂಬಿ ಏರಿಸಿದ ಏರಿ. ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಅಡ್ಡ ಚಾಚುವ ಓರೆ, 10 ಸೆಂ.ಮೀ. ದಪ್ಪದ ಎಂ-20 ದರ್ಜೆಯ ಕಾಂಕ್ರೀಟ್. ಬೇಸಿಗೆಯಲ್ಲಿ ನೀರು ನಿಂತಾಗ ಶುರುಮಾಡಿ, ಕಟ್ಟೆ ತುಂಬಿ ನೀರು ಬಿಡುವಷ್ಟರಲ್ಲಿ ಮುಗಿಸಬೇಕು. ಮಂಡ್ಯದಲ್ಲಿ ಆ ಗಡುವನ್ನು ಗುತ್ತಿಗೆಯ ಕರಾರು ನಿರ್ಧರಿಸುವುದಿಲ್ಲ, ಕೊಡಗಿನ ಮಳೆ ನಿರ್ಧರಿಸುತ್ತದೆ.

ಮಣ್ಣು ಪರೀಕ್ಷೆಗೆ ಅರ್ಧರ್ಧ ಕಿಲೋಮೀಟರಿಗೆ ಒಂದರಂತೆ ಗುಂಡಿ ತೆಗೆಸಿದ್ದೆವು. ಅದು ಬರದ ವರ್ಷ, ತಿಂಗಳು ಏಪ್ರಿಲ್. ಮೂರು ಮೀಟರ್ ಇಳಿದರೂ ಒಂದು ಗುಂಡಿಯಲ್ಲೂ ಪಸೆ ಕಾಣಲಿಲ್ಲ. ಹೀಗಾಗಿ ಲೈನಿಂಗಿನ ಅಡಿಗೆ ಬಸಿ ವ್ಯವಸ್ಥೆ ಬೇಕಿಲ್ಲ, ಅಲ್ಲಲ್ಲಿ ವೀಪ್ ಹೋಲ್ (ಹಿಂಬದಿಯ ನೀರು ಹೊರಬರುವ ತೂತು) ಬಿಟ್ಟರೆ ಸಾಕು ಎಂದು ತೀರ್ಮಾನವಾಯಿತು. ನಾಲೆಗಳ ಅಡಿಬಸಿತಕ್ಕೆಂದೇ ಐ.ಎಸ್. 4558 ಎಂಬ ಸಂಹಿತೆಯಿದೆ. ನಾವು ಅದನ್ನು ತೆರೆದು ನೋಡಿದ್ದೆವು. ನೀರೇ ಕಾಣದ ಕಡೆ ಅದು ಅನ್ವಯಿಸುವುದಿಲ್ಲವಲ್ಲ ಎಂದು ಮಡಿಸಿ ಇಟ್ಟೆವು.

ಆರನೇ ಕಿಲೋಮೀಟರಿನ ಒಂದು ತಿರುವಿನಲ್ಲಿ ಊರಿನವರ ಹಳೇ ಒಗೆಯೋ ಕಲ್ಲುಗಳಿದ್ದವು. ತಿರುವಿನಲ್ಲಿ ಮೆಟ್ಟಿಲು ಕಟ್ಟಿದರೆ ಹರಿವಿಗೆ ಅಡ್ಡಿ ಎಂದು ಹೊಸ ಸೋಪಾನಕಟ್ಟೆಯನ್ನು 200 ಮೀಟರ್ ಕೆಳಗೆ, ಸೇತುವೆಯ ಪಕ್ಕಕ್ಕೆ ತೋರಿಸಿದ್ದೆವು. ಅದಕ್ಕೆ ತಕರಾರು ಮಾಡಿ ಬಂದದ್ದೇ ಆ ಅರ್ಜಿ. ಮೊದಲ ಎರಡು ಸಾಲು ಓದಿದೆ, ಸಹಿ ಮತ್ತು ಹೆಬ್ಬೆಟ್ಟುಗಳನ್ನು ಎಣಿಸಿದೆ, ಷರಾ ಬರೆದೆ.

ಆ ಬೆಳಗ್ಗೆ

ಮೊದಲ ವರ್ಷ ಏನೂ ಆಗಲಿಲ್ಲ. ನೀರು ಕೊನೇ ಭಾಗ ಮುಟ್ಟಿತು, ನಮಗೆ ಹಾರವೂ ಬಿತ್ತು. ಎರಡನೇ ವರ್ಷ ಮಳೆ ಚೆನ್ನಾಗಿ ಹುಯ್ದು ಸೀಮೆಯ ಕೆರೆಗಳೆಲ್ಲ ಕೋಡಿ ಬಿದ್ದವು. ಕಾರ್ತಿಕದ ಒಂದು ರಾತ್ರಿ ಮೇಲ್ನಾಲೆಗೆ ಕಾರೊಂದು ಉರುಳಿತು. ಹುಡುಕಾಟಕ್ಕಾಗಿ ರಾತ್ರೋರಾತ್ರಿ ಗೇಟು ಇಳಿಸಿದರು. ಅದರಲ್ಲಿ ಯಾರ ತಪ್ಪೂ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡ ಮೇಲೆ ಇಂಥ ಕರೆ ಬಂದಾಗ ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಬೆಳಗ್ಗೆ ಏಳಕ್ಕೆ, ನಾಲೆಯ ನೀರು ನೋಡಿಕೊಳ್ಳುವ ನೀರುಗಂಟಿ ಫೋನ್ ಮಾಡಿದ. ‘ಸಾ, ನಾಲೆ ಬಾಯ್ಬುಟ್ಕೊಂಡದೆ, ಬನ್ನಿ.’

ಹೋಗಿ ನೋಡಿದರೆ ಅದೇ ತಿರುವಿನಲ್ಲಿ, ಗುಡ್ಡದ ಮಗ್ಗುಲಿನಲ್ಲಿ ಸುಮಾರು 70 ಮೀಟರ್ ಉದ್ದಕ್ಕೆ ಲೈನಿಂಗಿನ ಚಪ್ಪಡಿಗಳು, ಅಂದರೆ ಪ್ಯಾನೆಲ್‌ಗಳು ಬುಡದಿಂದ ಎದ್ದು, ನಡುವೆ ಸೀಳಿ, ಕೆಲವು ಜಾರಿ ತಳಕ್ಕೆ ಕೂತಿದ್ದವು. ಎದುರಿನ ಏರಿಯ ಮಗ್ಗುಲಿನಲ್ಲಿ ಒಂದು ಗೆರೆಯೂ ಬಿಟ್ಟಿರಲಿಲ್ಲ. ಈ ವ್ಯತ್ಯಾಸವೇ ಉತ್ತರದ ಅರ್ಧವನ್ನು ಹೇಳುತ್ತಿತ್ತು. ಅವತ್ತು ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಹತ್ತು ಗಂಟೆಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ಫೋಟೋ, ‘ಕೋಟಿ ಕೋಟಿ ನೀರುಪಾಲು’ ಎಂಬ ತಲೆಬರಹದ ಜೊತೆಗೆ.

ಸಿಮೆಂಟಿನ ಬೆನ್ನು ಹತ್ತಿದ್ದು

ಕಾಂಕ್ರೀಟ್ ಒಡೆದರೆ ಊರೆಲ್ಲ ಸಿಮೆಂಟನ್ನೇ ಶಂಕಿಸುತ್ತದೆ, ಎಂಜಿನಿಯರುಗಳೂ ಊರಿನವರೇ. ಕೋರ್, ಅಂದರೆ ಕೊರೆದ ಕಾಂಕ್ರೀಟ್ ತುಂಡು ತೆಗೆದು ಮೈಸೂರಿನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸಿದೆವು. ಫಲಿತಾಂಶ ಬರುವವರೆಗೆ ಎಲ್ಲರೂ ಗುತ್ತಿಗೆದಾರನನ್ನು ಕಳ್ಳನಂತೆ ನೋಡಿದೆವು. ಅಷ್ಟರಲ್ಲಿ ಭತ್ತ ಹೊಡೆಗೆ ಬಂದಿತ್ತು. ವಾರದೊಳಗೆ ನೀರು ಬಿಡದಿದ್ದರೆ ಜೊಳ್ಳೇ ಗತಿ. ಗುತ್ತಿಗೆದಾರನ ಕೊನೇ ಬಿಲ್ಲು ಬಾಕಿಯಿತ್ತು. ಅವನೇ ಮುಂದೆ ಬಂದು, ಬಿದ್ದ ಜಾಗದಲ್ಲಿ ಸ್ವಂತ ಖರ್ಚಿನಿಂದ 15 ಸೆಂ.ಮೀ. ದಪ್ಪಕ್ಕೆ, ಕಬ್ಬಿಣದ ಜಾಲರಿ ಇಟ್ಟು ಮತ್ತೆ ಹಾಕಿಕೊಡುತ್ತೇನೆ ಎಂದ. ಕಾರ್ಯಪಾಲಕ ಎಂಜಿನಿಯರ್ ಒಪ್ಪಿದರು. ಆರು ದಿನದಲ್ಲಿ ತೀರಾ ಕೆಟ್ಟಿದ್ದ 25 ಮೀಟರಿಗೆ ಹೊಸ ಹಾಸು ಬಿತ್ತು. ಉಳಿದ ಕಡೆ ಮರಳಿನ ಚೀಲ ಜೋಡಿಸಿ ನೀರು ಬಿಟ್ಟೆವು.

ಈ ತೀರ್ಮಾನವನ್ನು ಆಮೇಲೆ ಹಲವರು ಟೀಕಿಸಿದರು. ನಾನು ಈಗಲೂ ಅರ್ಧ ಒಪ್ಪುತ್ತೇನೆ. ಬೆಳೆ ನಿಂತಿರುವಾಗ ನೀರು ಹರಿಸಿದ್ದು ಸರಿ. ಆದರೆ ಕಡತದಲ್ಲಿ ಅದನ್ನು ‘ಶಾಶ್ವತ ದುರಸ್ತಿ’ ಎಂದು ಬರೆದೆವು. ‘ತಾತ್ಕಾಲಿಕ’ ಎಂದು ಬರೆದಿದ್ದರೆ ಕಾರಣ ಹುಡುಕುವ ಕೆಲಸ ಬಾಕಿ ಉಳಿದಿದೆ ಎಂಬುದಾದರೂ ಹಾಳೆಯ ಮೇಲಿರುತ್ತಿತ್ತು.

ಪ್ರಯೋಗಾಲಯದ ವರದಿ ಬಂತು: ಕಾಂಕ್ರೀಟ್ ಗಟ್ಟಿಯಾಗಿದೆ, ಕೇಳಿದ್ದಕ್ಕಿಂತ ಒಂದು ಕೈ ಮೇಲೆಯೇ ಇದೆ. ಸುಗ್ಗಿಯ ಹೊತ್ತಿಗೆ ಮಾಮೂಲಿನಂತೆ ನೀರು ನಿಲ್ಲಿಸಿದರು. ಮೂರನೇ ದಿನ ಹೊಸ ಹಾಸೂ ಎದ್ದಿತು. ಜಾಲರಿ ಇದ್ದದ್ದರಿಂದ ಈ ಸಲ ಒಡೆಯಲಿಲ್ಲ. ಇಡೀ ಹಾಸೇ ಮಗ್ಗುಲು ಬದಲಿಸಿದ ಎಮ್ಮೆಯ ಹಾಗೆ ಮೇಲೆದ್ದು ಕೂತಿತ್ತು.

ಆಗ ಕೂತು ಲೆಕ್ಕ ಹಾಕಿದೆವು. ಮೊದಲೇ ಹಾಕಬಹುದಿತ್ತು, ಲಕೋಟೆಯ ಹಿಂಬದಿ ಸಾಕು. 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 240 ಕೆ.ಜಿ. ತೂಗುತ್ತದೆ. ಓರೆಯಲ್ಲಿ ಒರಗಿರುವುದರಿಂದ ಮಣ್ಣನ್ನು ಅದುಮುವುದು ಅದರಲ್ಲಿ ಸುಮಾರು 200 ಕೆ.ಜಿ. ಹಿಂಬದಿಯಲ್ಲಿ ನಿಂತ ನೀರು ತನ್ನ ಎತ್ತರದ ಪ್ರತಿ ಸೆಂ.ಮೀ.ಗೂ ಅದೇ ಒಂದು ಚದರ ಮೀಟರನ್ನು 10 ಕೆ.ಜಿ. ಭಾರದಷ್ಟು ಹೊರಗೆ ನೂಕುತ್ತದೆ. ಅಂದರೆ ಪ್ಯಾನೆಲ್ ಎತ್ತಲು ಹಿಂದೆ 20 ಸೆಂ.ಮೀ. ನೀರು ಸಾಕು, ಒಂದು ಗೇಣಿಗೂ ಕಡಿಮೆ. ದಪ್ಪವನ್ನು 15 ಸೆಂ.ಮೀ.ಗೆ ಏರಿಸಿದರೆ 30 ಸೆಂ.ಮೀ. ಬೇಕಾಗುತ್ತದೆ. ಒಂದೂವರೆ ಪಟ್ಟು ಕಾಂಕ್ರೀಟ್ ಸುರಿದು ನಾವು ಗಳಿಸಿದ್ದು ಹತ್ತು ಸೆಂಟಿಮೀಟರ್. ನಾಲೆ ತುಂಬಿ ಹರಿಯುವಾಗ ಒಳಗಿನ ನೀರು ಎದುರಿಂದ ಒತ್ತಿ ಹಿಡಿದಿರುತ್ತದೆ, ಆಗ ಏನೂ ಕಾಣಿಸುವುದಿಲ್ಲ. ನಾಲೆ ಬರಿದಾದ ಕ್ಷಣ ಹಿಂಬದಿಯ ನೀರು ಒಂಟಿಯಾಗಿ ನೂಕುತ್ತದೆ. ಬೇಸಿಗೆ ಬೆಳೆಗೆ ಇಲ್ಲಿ ಕಟ್ಟು ಪದ್ಧತಿ: ಕೆಲವು ದಿನ ನೀರು, ಕೆಲವು ದಿನ ಇಲ್ಲ. ಪ್ರತಿ ಕಟ್ಟಿಗೂ ಈ ನೂಕಾಟ ಮರುಕಳಿಸುತ್ತದೆ.

ವೀಪ್ ಹೋಲ್‌ಗಳು ಇದ್ದವಲ್ಲ? ಇದ್ದವು, ಹಿಂದೆ ಜಲ್ಲಿಯ ಸೋಸು ಪದರ ಇಲ್ಲದೆ. ಅರ್ಧ ಪೈಪುಗಳಲ್ಲಿ ಸಿಮೆಂಟ್ ಹಾಲು ಇಳಿದು ಕಟ್ಟಿಕೊಂಡಿತ್ತು, ಉಳಿದವುಗಳಲ್ಲಿ ಮಣ್ಣು. ಹಾಗಾದರೆ ಹೊಸ ತೂತು ಕೊರೆಯೋಣ ಎಂದು ಕೊರೆಯುವ ಯಂತ್ರ ತರಿಸಿ ಆರು ತೂತು ಹೊಡೆಸಿದೆ. ನೀರು ಚಿಮ್ಮಿತು, ನಾನು ಖುಷಿಪಟ್ಟೆ. ಮಧ್ಯಾಹ್ನದ ಹೊತ್ತಿಗೆ ನೀರು ಕೆಂಪಾಯಿತು. ಸಂಜೆ ಕಾರ್ಯಪಾಲಕ ಎಂಜಿನಿಯರ್ ಬಂದು ಒಂದು ತೂತಿನ ಕೆಳಗೆ ಬಕೆಟ್ ಇಡಿಸಿದರು. ಹತ್ತು ನಿಮಿಷಕ್ಕೆ ತಳದಲ್ಲಿ ಒಂದು ಹಿಡಿ ಮಣ್ಣು ಕೂತಿತು. ‘ನೀರಿನ ಜೊತೆ ಗುಡ್ಡವನ್ನೂ ಕರೀತಿದ್ದೀರಲ್ರೀ, ಮುಚ್ಚಿಸಿ’ ಎಂದರು. ರಾತ್ರಿಯೇ ಮುಚ್ಚಿಸಿದೆವು. ಇಡೀ ಪ್ರಕರಣದಲ್ಲಿ ತಡವಾಗದೆ ತೆಗೆದುಕೊಂಡ ಒಂದೇ ತೀರ್ಮಾನ ಅದು. ಇನ್ನೊಂದು ವಾರ ಬಿಟ್ಟಿದ್ದರೆ ಲೈನಿಂಗಿನ ಹಿಂದೆ ಪೊಟರೆ ಬಿದ್ದು, ಮೇಲಿನ ತೋಟದ ತೆಂಗುಗಳೂ ನಾಲೆಗೆ ಇಳಿಯುತ್ತಿದ್ದವು.

ಗುಂಡಿ ಮತ್ತು ಅವ್ವ

ಈ ನೀರು ಎಲ್ಲಿಂದ ಬರುತ್ತಿದೆ? ಕಚೇರಿಯಲ್ಲಿ ಬಹುಮತ ನಾಲೆಯ ಕಡೆಗಿತ್ತು: ಹರಿಯುವಾಗ ಸಂದಿಯಲ್ಲಿ ಜಿನುಗಿ ಹಿಂದೆ ಸೇರಿದ ನೀರೇ ಹೊರಗೆ ನೂಕುತ್ತಿದೆ, ಸಂದುಗಳನ್ನು ಚೆನ್ನಾಗಿ ಮುಚ್ಚಿದರೆ ಮುಗಿಯಿತು ಎಂದು. ಅದನ್ನು ಪರೀಕ್ಷಿಸಲು ಗುಡ್ಡದ ಮಗ್ಗುಲಿನಲ್ಲಿ ಪ್ಯಾನೆಲಿನಿಂದ ಒಂದು ಮೀಟರ್ ಹಿಂದೆ ಗುಂಡಿ ತೆಗೆಸಿದೆ. ಮೊಣಕಾಲುದ್ದ ನೀರು ನಿಂತಿತು. ಒಂದು ಬಿದಿರು ಗಳಕ್ಕೆ ಗೆರೆ ಹಾಕಿ ನಿಲ್ಲಿಸಿ, ದಿನಾ ಬೆಳಗ್ಗೆ ನೋಡಿ ಬರೆಯಲು ನೀರುಗಂಟಿಗೆ ಹೇಳಿದೆ. ನಾಲೆ ಒಣಗಿ ಹನ್ನೊಂದು ದಿನವಾದರೂ ಗುಂಡಿಯ ನೀರು ಒಂದು ಬೆರಳಷ್ಟೂ ಇಳಿಯಲಿಲ್ಲ. ನಾಲೆಯಿಂದ ಸೇರಿದ ನೀರಾದರೆ ದಿನದಿನಕ್ಕೆ ಇಳಿಯಬೇಕು. ಇದು ಬೇರೆಲ್ಲಿಂದಲೋ ತುಂಬಿಕೊಳ್ಳುತ್ತಿತ್ತು.

ಹನ್ನೆರಡನೇ ದಿನ ದನ ಹೊಡೆದುಕೊಂಡು ಬಂದ ಅವ್ವ ಒಬ್ಬರು ಗುಂಡಿಯ ದಂಡೆಯಲ್ಲಿ ನಿಂತು ನಕ್ಕರು.

‘ಒಗೆಯೋ ಕಲ್ಲ ಮುಚ್ಚಾಕ್ಬುಟ್ಟು ಈಗ ಅದ್ರ ಬುಡದಲ್ಲೇ ನೀರ್ ಉಡುಕ್ತಿದ್ದೀರಲ್ಲ ಸಾ?’

‘ಇಲ್ಲಿ ಮೊದಲಿನಿಂದಲೂ ನೀರಿತ್ತಾ ಅವ್ವಾ?’

‘ಯಾವತ್ತು ಇರ್ನಿಲ್ಲ ಏಳು. ನಾಲೆ ನಿಂತೋದ್ರೂ ಇಲ್ಲಿ ನಿಲ್ತಿರ್ನಿಲ್ಲ. ಅದ್ಕೇಯ ಕಲ್ಲ ಇಲ್ ಆಕಿದ್ದು.’

‘ಬರದ ವರ್ಷ ನಾನೇ ನೋಡಿದ್ದೆ, ಒಣಗಿತ್ತಲ್ಲ?’

‘ಕೆರೆ ಒಣಗಿದ್ರೆ ಇದೂ ಒಣಗ್ತದೆ ಕನಪ್ಪ. ಕೆರೇಲಿಲ್ಲದ್ದು ಇಲ್ಲಿಗೆ ಎಲ್ಲಿಂದ ಬಂದದು?’

ಅವತ್ತು ಮಧ್ಯಾಹ್ನವೇ ಲೆವೆಲ್ ಯಂತ್ರ ಹೊತ್ತು ಗುಡ್ಡ ಹತ್ತಿದೆವು. ಕೆರೆ ಅಲ್ಲಿಂದ 300 ಮೀಟರ್, ಅದರ ನೀರಿನ ಮಟ್ಟ ನಮ್ಮ ನಾಲೆಯ ತಳಕ್ಕಿಂತ ನಾಲ್ಕು ಮೀಟರಿನಷ್ಟು ಮೇಲೆ. ನಕ್ಷೆಯಲ್ಲಿ ಆ ಕೆರೆ ಇತ್ತು, ಆದರೆ ನಮ್ಮ ಕಾಮಗಾರಿಯ ಗಡಿಗೆರೆಯಿಂದ ಆಚೆ. ಅದಕ್ಕೂ ಮೀರಿದ್ದು ಇನ್ನೊಂದು. ನಾವು ಗುಂಡಿ ತೋಡಿದ ಅದೇ ಬರದ ಬೇಸಿಗೆಯಲ್ಲಿ ಬೇರೊಂದು ಇಲಾಖೆ ಆ ಕೆರೆಯ ಹೂಳೆತ್ತಿಸಿತ್ತು. ಗೋಡು ಮಣ್ಣನ್ನು ರೈತರು ಗದ್ದೆಗೆ ಹೊಡೆದುಕೊಂಡರು, ಅದು ಒಳ್ಳೆಯದೇ. ಗೋಡು ಮುಗಿದ ಮೇಲೂ ಹಿಟಾಚಿ ನಿಲ್ಲಲಿಲ್ಲ. ಕೆಳಗಿನ ಗೊಚ್ಚುಮಣ್ಣು ರಸ್ತೆಗೆ ತುಂಬಲು ಬರುತ್ತದಲ್ಲ. ನಾಲೆಯ ಕಡೆಯ ಅಂಚಿನಲ್ಲಿ ಆಳುದ್ದ ತೋಡಿದ ಗುರುತು ಆಮೇಲೆ ಕೆರೆ ಇಳಿದಾಗ ಕಾಣಿಸಿತು. ತಲೆಮಾರುಗಳಿಂದ ಕೂತಿದ್ದ ಗೋಡು ಕೆರೆಯ ತಳಕ್ಕೆ ಬಳಿದ ಅರಲಿನಂತೆ ನೀರು ಹಿಡಿದಿತ್ತು. ಅದನ್ನು ಕೆರೆದ ಮೇಲೆ ಒಗೆಯೋ ಕಲ್ಲಿನ ಹತ್ತಿರ ಜಿನುಗುತ್ತಿದ್ದ ಒರತೆ ಹರಿವಾಯಿತು. ಹೂಳೆತ್ತುವುದನ್ನು ಎಲ್ಲರೂ ಹೊಗಳುತ್ತಾರೆ, ಎಲ್ಲಿ ನಿಲ್ಲಿಸಬೇಕು ಎಂದು ಕೇಳುವವರನ್ನು ನಾನಿನ್ನೂ ಕಂಡಿಲ್ಲ.

ಕಚೇರಿಗೆ ಬಂದು ಹಳೇ ಕಡತ ಬಿಚ್ಚಿದೆ. ಅರ್ಜಿಯ ಮೂರನೇ ಸಾಲು: ‘ಸದರಿ ಜಾಗದಲ್ಲಿ ನಾಲೆ ನಿಂತಾಗಲೂ ಒರತೆ ನೀರು ಇರುವುದರಿಂದ ಹೆಂಗಸರಿಗೂ ದನಕರುಗಳಿಗೂ ಅನುಕೂಲವಾಗಿರುತ್ತದೆ.’ ಆ ಒಂಬತ್ತು ಕಿಲೋಮೀಟರಿನಲ್ಲಿ ನಮಗೆ ಬೇಕಿದ್ದ ಒಂದೇ ಭೂಜಲ ಮಾಹಿತಿ ಅದು. ಹದಿನೆಂಟು ಗುಂಡಿ ತೋಡಿ ಸಿಗದ್ದು ಎರಡು ರೂಪಾಯಿಯ ಹಾಳೆಯಲ್ಲಿತ್ತು.

ಏನು ಮಾಡಿದೆವು

ಮೂರು ದಾರಿಗಳಿದ್ದವು. ಕೆರೆಯ ತಳಕ್ಕೆ ಮತ್ತೆ ಜೇಡಿ ಬಳಿಸುವುದು: ಕೆರೆ ನಮ್ಮದಲ್ಲ, ಅದೂ ತುಂಬಿ ನಿಂತಿದೆ. ಕೆರೆಗೂ ನಾಲೆಗೂ ನಡುವೆ ಆಳವಾದ ಬಸಿಗಾಲುವೆ ತೆಗೆದು ನೀರನ್ನು ಹಳ್ಳಕ್ಕೆ ತಿರುಗಿಸುವುದು: ತಾಂತ್ರಿಕವಾಗಿ ಇದೇ ಚೆಂದ, ಆದರೆ ನಡುವೆ ನಾಲ್ಕು ಜನರ ತೆಂಗಿನ ತೋಟ, ಭೂಸ್ವಾಧೀನ, ಮೂರು ವರ್ಷ. ಮೂರನೆಯದನ್ನು ಬಾಯಿಬಿಟ್ಟು ಹೇಳಲು ನನಗೆ ಸಂಕೋಚವಿತ್ತು: ಅಷ್ಟು ಜಾಗದಲ್ಲಿ ಕಾಂಕ್ರೀಟನ್ನೇ ಬಿಟ್ಟುಬಿಡುವುದು.

ಲೈನಿಂಗ್ ಹಾಕುವುದು ನೀರು ಹೊರಗೆ ಹೋಗದಿರಲಿ ಎಂದು. ಇಲ್ಲಿ ನೀರು ಒಳಗೆ ಬರುತ್ತಿದೆ. ಬರುವ ನೀರಿಗೆ ಬಾಗಿಲು ಹಾಕಿ ಬಡಿದಾಡುವುದಕ್ಕಿಂತ, ಮಣ್ಣನ್ನು ಹಿಡಿದಿಟ್ಟು ನೀರನ್ನು ಒಳಬಿಟ್ಟರೆ ನಾಲೆಗೇ ಲಾಭವಲ್ಲವೇ? ಕಾರ್ಯಪಾಲಕ ಎಂಜಿನಿಯರ್ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಒಪ್ಪಿದರು. ಲೆಕ್ಕಪತ್ರ ಶಾಖೆ ಒಪ್ಪಲಿಲ್ಲ. ಲೈನಿಂಗ್ ಕಾಮಗಾರಿಯಲ್ಲಿ 90 ಮೀಟರ್ ಲೈನಿಂಗ್ ಇಲ್ಲವೆಂದರೆ ಭೌತಿಕ ಪ್ರಗತಿ ನೂರಕ್ಕೆ ನೂರು ಹೇಗಾದೀತು, ಹಾಕಿದ್ದನ್ನು ಕಿತ್ತರೆ ಆ ಹಣ ಯಾರ ತಲೆಗೆ? ಪ್ರಶ್ನೆ ನ್ಯಾಯವಾದದ್ದೇ. ಕಡೆಗೆ ಕಿತ್ತ ಪ್ಯಾನೆಲ್‌ಗಳ ಹಣವನ್ನು ಗುತ್ತಿಗೆದಾರನ ಬಿಲ್ಲಿನಿಂದ ಮುರಿಯದೆ, ‘ತನಿಖೆಯ ಹಂತದಲ್ಲಿ ಗೋಚರಿಸದ ಅಂತರ್ಜಲ’ ಎಂಬ ಕಾರಣ ಬರೆದು ಮೇಲಕ್ಕೆ ಕಳಿಸಿದೆವು. ಲಗತ್ತಾಗಿ ಬಿದಿರು ಗಳದ ಹನ್ನೊಂದು ದಿನದ ಅಳತೆ ಮತ್ತು ಆ ಅರ್ಜಿ. ಅರ್ಜಿಯನ್ನು ಲಗತ್ತಿಸಿದರೆ ನನ್ನ ಷರಾ ಕೂಡ ಮೇಲೆ ಹೋಗುತ್ತದೆ, ಬಿಟ್ಟರೆ ‘ಗೋಚರಿಸದ’ ಎಂಬ ಮಾತು ಸುಳ್ಳಿಗೆ ಹತ್ತಿರವಾಗುತ್ತದೆ. ಲಗತ್ತಿಸಿದೆ. ನನಗೊಂದು ನೋಟಿಸು ಬಂತು, ಉತ್ತರ ಕೊಟ್ಟೆ.

ಕೆಲಸ ಹೀಗೆ ನಡೆಯಿತು. ಗುಡ್ಡದ ಮಗ್ಗುಲಿನ ಕಾಂಕ್ರೀಟ್ ಕಿತ್ತು, ಓರೆ ಸಮ ಮಾಡಿ, ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಗಾರೆಯಿಲ್ಲದ ಸೈಜುಗಲ್ಲಿನ ಹೊದಿಕೆ. ಮಣ್ಣಿನ ಕಣ ಮರಳನ್ನು ದಾಟಬಾರದು, ಮರಳು ಜಲ್ಲಿಯನ್ನು ದಾಟಬಾರದು, ನೀರು ಎಲ್ಲವನ್ನೂ ದಾಟಬೇಕು. ತೂತು ಹೊಡೆಸಿದ ದಿನ ನಾನು ಮರೆತದ್ದು ಈ ಸರಣಿಯನ್ನೇ. ನಾಲೆಯ ತಳದ ಅಡಿಗೆ ರಂಧ್ರವಿರುವ ಪೈಪನ್ನು ಬಟ್ಟೆ ಸುತ್ತಿ, ಜಲ್ಲಿಯ ನಡುವೆ ಮಲಗಿಸಿ ಕೆಳಗಿನ ಹಳ್ಳಕ್ಕೆ ಬಿಟ್ಟೆವು. ಕಲ್ಲು ಕಟ್ಟುವ ಕೆಲಸಕ್ಕೆ ಬಂದವರು ಹಳೇ ಕೈಯವರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸುವ ಕೆಲಸ ಈಗ ಎಲ್ಲರಿಗೂ ಬರುವುದಿಲ್ಲ. ಮಧ್ಯದಲ್ಲಿ ಸೋಪಾನಕಟ್ಟೆ, ಹಳೇ ಜಾಗದಲ್ಲೇ.

ಆಮೇಲೆ

ಆ ಬಳಿಕ ನೀರು ಹಲವು ಸಲ ನಿಂತಿದೆ, ಒಮ್ಮೆ ರಾತ್ರೋರಾತ್ರಿಯೇ. ಆ ಜಾಗ ಕದಲಿಲ್ಲ. ಮಾಮೂಲಿ ದಿನಗಳಲ್ಲಿ ಗೇಟನ್ನು ಒಂದೇ ಏಟಿಗೆ ಇಳಿಸದೆ ಎರಡು ದಿನದಲ್ಲಿ ಹಂತಹಂತವಾಗಿ ಇಳಿಸುವಂತೆ ನೀರುಗಂಟಿಗಳಿಗೆ ಹೇಳಿದ್ದೇವೆ. ಆದರೆ ಅದನ್ನು ನಂಬಿ ವಿನ್ಯಾಸ ಮಾಡುವಂತಿಲ್ಲ. ಯಾರೋ ನೀರಿಗೆ ಬಿದ್ದ ರಾತ್ರಿ ಹಂತಹಂತದ ಮಾತು ನಡೆಯದು.

ಎಲ್ಲವೂ ಸರಿಹೋಯಿತೆಂದಲ್ಲ. ಕಲ್ಲಿನ ಹೊದಿಕೆ ಮುಗಿದು ಕಾಂಕ್ರೀಟ್ ಶುರುವಾಗುವ ಕೆಳಗಿನ ಕೂಡಿನಲ್ಲಿ ಅಡ್ಡಗೋಡೆ ಸಾಕಷ್ಟು ಆಳಕ್ಕೆ ಇಳಿಸದೆ ಎರಡು ಪ್ಯಾನೆಲ್ ಬಿರುಕು ಬಿಟ್ಟವು. ಅದು ನಮ್ಮ ಅವಸರ. ಏಳೆಂಟು ಸೈಜುಗಲ್ಲು ಮಾಯವಾಗಿ ಯಾರದೋ ಕೊಟ್ಟಿಗೆಯ ಬುನಾದಿ ಸೇರಿವೆ. ಯಾರದೆಂದು ನೀರುಗಂಟಿಗೆ ಗೊತ್ತು, ಹೇಳುವುದಿಲ್ಲ. ಒಂದು ಲಾಭ ಲೆಕ್ಕ ಹಾಕದೆಯೇ ಬಂತು. ಕಾಂಕ್ರೀಟಿನ ನುಣುಪಿಗೆ ನೀರು ಜೋರಾಗಿ ಓಡಿ ಮಟ್ಟ ಇಳಿದಿತ್ತು, ತಿರುವಿನ ಮೇಲಿದ್ದ ಒಂದು ತೂಬಿಗೆ ನೀರೇ ಹತ್ತುತ್ತಿರಲಿಲ್ಲ. ಅಲ್ಲಿನ ರೈತರು ನಾಲೆಗೆ ಅಡ್ಡಲಾಗಿ ಕಲ್ಲು ಉರುಳಿಸಿ ನಮ್ಮೊಂದಿಗೆ ಜಗಳವಾಡುತ್ತಿದ್ದರು. ಒರಟು ಕಲ್ಲಿನ ಹೊದಿಕೆ ಹರಿವನ್ನು ತುಸು ತಡೆದು ಮಟ್ಟವನ್ನು ಒಂದೆರಡು ಇಂಚು ಏರಿಸಿತು, ಆ ತೂಬಿಗೆ ನೀರು ಹತ್ತಿತು. ಅದನ್ನು ನಮ್ಮ ಜಾಣತನ ಎಂದು ಯಾರಾದರೂ ಹೊಗಳಿದರೆ ನಾನು ಸುಮ್ಮನಿರುತ್ತೇನೆ.

ಈಗ ನಾನಿರುವ ಕಡೆ ಇನ್ನೊಂದು ನಾಲೆಯ ಸರ್ವೆ ನಡೆಯುತ್ತಿದೆ. ಗುಂಡಿಗಳನ್ನು ಅರ್ಧ ಕಿಲೋಮೀಟರಿಗೆ ಒಂದರಂತೆ ಹಾಕುವ ಮೊದಲು ನಾಲೆಯ ಉದ್ದಕ್ಕೂ ನಡೆದು ಒಗೆಯೋ ಕಲ್ಲು, ದನ ಇಳಿಯುವ ಜಾಗ, ಬೇಸಿಗೆಯಲ್ಲೂ ಹಸಿರಾಗಿರುವ ಜೊಂಡು, ಮೇಲ್ಗಡೆಯ ಕೆರೆ ಕಟ್ಟೆ ಇವನ್ನು ಗುರುತು ಹಾಕಿಸುತ್ತಿದ್ದೇನೆ. ಗುಂಡಿಗಳಲ್ಲಿ ಅರ್ಧವನ್ನು ಅಂಥ ಕಡೆಯೇ ತೋಡಿಸುತ್ತೇನೆ. ಬೇಸಿಗೆಯಲ್ಲಿ ಒಮ್ಮೆ, ಕೆರೆಗಳು ತುಂಬಿದ ಮೇಲೆ ಇನ್ನೊಮ್ಮೆ ನೋಡಿಸುತ್ತೇನೆ. ಎರಡನೇ ಸಲ ನೋಡಲು ಸಮಯವಿಲ್ಲ ಎನ್ನುತ್ತಾರೆ. ಎರಡನೇ ಸಲ ಕಟ್ಟಲು ಹೇಗೆ ಸಿಕ್ಕಿತು ಎಂದು ಕೇಳುತ್ತೇನೆ. ಅರ್ಜಿಗಳನ್ನು ಪೂರ್ತಿ ಓದುತ್ತೇನೆ, ಮೂರನೇ ಸಾಲನ್ನು ಎರಡು ಸಲ.

ಹೋದ ತಿಂಗಳು ಆ ಕಡೆ ಹೋಗಿದ್ದೆ. ಅದೇ ಅವ್ವ ಸೋಪಾನಕಟ್ಟೆಯ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಎಲ್ಲ ಸರಿಯಿದೆಯಾ ಅವ್ವಾ ಎಂದೆ. ‘ಕಲ್ಲೇನೋ ಚಂದಾಗ್ ಮಾಡ್ಕೊಟ್ರಿ. ಮೆಟ್ಲು ಯಾಕಪ್ಪ ಇಂಗೆ ಎತ್ರ ಇಟ್ರಿ? ಮಂಡಿ ಎತ್ತಾಕಾಗಕ್ಕಿಲ್ಲ’ ಎಂದರು. ಟೇಪು ಹಿಡಿದು ನೋಡಿದೆ. ಒಂಬತ್ತು ಇಂಚು. ಅರ್ಜಿ ಕೊಡಿ ಅವ್ವಾ ಎಂದರೆ, ‘ಓದೀಯಾ?’ ಎಂದರು.